ಗಲ್ಲದ ತೆರೆ: ಲೇಪದಿಂದ ಸೂಜಿಯವರೆಗೆ

ಹಾನಗಲ್ಲಿನ ಜನರಿಗೆ ತಮ್ಮೂರೇ ಮಹಾಭಾರತದ ವಿರಾಟನಗರ ಎಂಬ ನಂಬಿಕೆ ಇಂದು ನಿನ್ನೆಯದಲ್ಲ. ಶಾಸನಗಳಲ್ಲಿ ಪಾನುಂಗಲ್ ಎಂದು ಕರೆಸಿಕೊಂಡ ಈ ಊರಿಗೆ ವಿರಾಟನ ಕೋಟೆ, ವಿರಾಟನಗರ ಎಂಬ ಹೆಸರುಗಳೂ ಶಾಸನಗಳಲ್ಲಿಯೇ ಸಿಗುತ್ತವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿ, ಕೀಚಕ ಸತ್ತದ್ದು ಇಲ್ಲಿ ಎಂದು ಹಿರಿಯರು ಇಂದಿಗೂ ಹೇಳುತ್ತಾರೆ. ಕೀಚಕನ ಸಾವಿನ ಗದ್ದಲದಲ್ಲಿ ಒಂದು ಸಂಗತಿ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ವಿರಾಟನ ಅರಮನೆಯಲ್ಲಿ ದ್ರೌಪದಿ ಮಾಡುತ್ತಿದ್ದ ಕೆಲಸವಾದರೂ ಏನು? ರಾಣಿ ಸುದೇಷ್ಣೆಯ ತಲೆ ಬಾಚಿ ಹೆರಳು ಹಾಕುವುದು, ಮೈಗೆ ಹಚ್ಚುವ ಗಂಧ ತೇಯುವುದು, ಹೂಮಾಲೆ ಕಟ್ಟುವುದು. ಸೈರಂಧ್ರಿ ಎಂದರೆ ಅದೇ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅರಮನೆಯ ಬ್ಯೂಟಿಷಿಯನ್.

ಆ ಸೈರಂಧ್ರಿಯ ಕೈಯಲ್ಲಿ ಇದ್ದದ್ದು ಗಂಧದ ಬಟ್ಟಲು. ಇಂದು ಅದೇ ಕೆಲಸಕ್ಕೆ ಸೂಜಿ ಬಂದಿದೆ. ಮೂಗಿನ ಹೊಳ್ಳೆಯ ಪಕ್ಕದಿಂದ ಹೊರಟು ತುಟಿಯ ಕೊನೆಯತ್ತ ಇಳಿಯುವ ಗೆರೆಯನ್ನು, ನಕ್ಕಾಗ ಎದ್ದು ಕಾಣುವ ಆ ನಗೆಗೆರೆಯನ್ನು, ಒಳಗಿನಿಂದ ತುಂಬಿ ಮೇಲೆತ್ತುವ ಚಿಕಿತ್ಸೆ ಅದು. 'ಫಿಲ್ಲರ್' ಎಂಬ ಆ ಹೆಸರು ಬೆಂಗಳೂರಿನ ಚಿತ್ರನಟಿಯರ ಬಾಯಿಂದ ಇಳಿದು ಹುಬ್ಬಳ್ಳಿ, ದಾವಣಗೆರೆಗಳ ಚರ್ಮದ ಆಸ್ಪತ್ರೆಗಳ ಫಲಕಕ್ಕೆ ಬಂದು ಕೆಲವು ವರ್ಷಗಳಾದವು. ಶ್ರೀಮಂತರ ಶೋಕಿ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಮುಖದ ಕುಳಿಯನ್ನು ತುಂಬುವ ವಿದ್ಯೆ ಶೋಕಿಯಿಂದಲೇ ಹುಟ್ಟಿ ಬೆಳೆದದ್ದಲ್ಲ. ಅದರ ಹಿಂದೆ ಶ್ರೀರಂಗಪಟ್ಟಣದ ಯುದ್ಧವಿದೆ, ಕುಷ್ಠರೋಗವಿದೆ, ಹುಬ್ಬಳ್ಳಿಯಲ್ಲಿ ಹುಟ್ಟಿದ ಒಬ್ಬ ವೈದ್ಯರಿದ್ದಾರೆ.

ನೆರೆ ಮತ್ತು ತೆರೆ

ಕನ್ನಡದಲ್ಲಿ ಮುಪ್ಪಿಗೆ ಒಂದು ಜೋಡಿ ಹೆಸರುಂಟು: ನೆರೆ ಮತ್ತು ತೆರೆ. ನೆರೆ ಎಂದರೆ ನರೆತ ಕೂದಲು, ತೆರೆ ಎಂದರೆ ಚರ್ಮದ ಸುಕ್ಕು. ಕಡಲಿನ ಅಲೆಗೂ ನಾಟಕದ ಪರದೆಗೂ ಇರುವ ಅದೇ ಪದ ಗಲ್ಲದ ಮಡಿಕೆಗೂ ಸಲ್ಲುತ್ತದೆ. ಬಸವಣ್ಣನವರು ಮುಪ್ಪು ಬಂದು ಮೈ ಕುಸಿಯುವ ಮೊದಲೇ ದೇವರನ್ನು ಪೂಜಿಸಬೇಕೆಂದು ಎಚ್ಚರಿಸುವ ಪ್ರಸಿದ್ಧ ವಚನವನ್ನು ಆರಂಭಿಸುವುದು ಈ ಎರಡು ಪದಗಳಿಂದಲೇ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಇದೇ ಜೋಡಿ 'ವಲೀ-ಪಲಿತ' ಎಂದು ಬರುತ್ತದೆ. ರಸಾಯನ ಚಿಕಿತ್ಸೆಯ ಫಲವನ್ನು ಹೊಗಳುವಾಗ ವಲೀಪಲಿತಗಳು ಅಳಿಯುತ್ತವೆ ಎಂಬುದು ಹಳೆಯ ವೈದ್ಯರ ಖಾಯಂ ಮಾತು.

ಕವಿಗಳಿಗೂ ಇದು ಪ್ರಿಯವಾದ ವಿಷಯ. ಜನ್ನನ 'ಯಶೋಧರ ಚರಿತೆ'ಯಲ್ಲಿ ತಲೆಯ ಒಂದೇ ಒಂದು ಬಿಳಿಗೂದಲು ಕಂಡು ರಾಜ ಸಿಂಹಾಸನ ಬಿಟ್ಟು ಹೋಗುತ್ತಾನೆ. 'ವಡ್ಡಾರಾಧನೆ'ಯ ಸನತ್ಕುಮಾರ ಚಕ್ರವರ್ತಿಯ ಕಥೆ ಇನ್ನೂ ಸ್ವಾರಸ್ಯದ್ದು. ಅವನ ರೂಪದ ಕೀರ್ತಿ ಕೇಳಿ ನೋಡಲು ಬಂದ ದೇವತೆಗಳಿಗೆ, ಮೈಗೆ ಎಣ್ಣೆ ಹಚ್ಚಿಕೊಂಡು ಅಲಂಕಾರವಿಲ್ಲದೆ ಇದ್ದ ಅರಸ ಅದ್ಭುತವಾಗಿ ಕಾಣುತ್ತಾನೆ. ಹಿಗ್ಗಿದ ಅರಸ ಸರ್ವಾಲಂಕಾರ ಮಾಡಿಕೊಂಡು ಓಲಗಕ್ಕೆ ಬಂದು ಕುಳಿತಾಗ ಅವರೇ ತಲೆ ಅಲ್ಲಾಡಿಸುತ್ತಾರೆ; ಅಷ್ಟರಲ್ಲೇ ಆ ರೂಪ ಒಂದಿಷ್ಟು ಕುಂದಿತ್ತು. ಅಲಂಕಾರಪ್ರಿಯರಿಗೆ ಇದಕ್ಕಿಂತ ನಿಷ್ಠುರವಾದ ಕಥೆ ಕನ್ನಡದಲ್ಲಿ ಇನ್ನೊಂದಿರಲಾರದು.

ಆದರೆ ಜೈನ ಕವಿಗಳೂ ಶರಣರೂ ಹೀಗೆ ವೈರಾಗ್ಯ ಹೇಳುತ್ತಿದ್ದ ಕಾಲದಲ್ಲೇ ಅರಮನೆಗಳಲ್ಲಿ ಗಂಧ ತೇಯುವುದೇನೂ ನಿಂತಿರಲಿಲ್ಲ. ಪಾನುಂಗಲ್ಲನ್ನು ಆಳಿದ ಕದಂಬರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಿದ್ಧಪಡಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಸ್ನಾನಕ್ಕೆ, ಮೈಗೆ ಬಳಿಯುವ ಲೇಪನಕ್ಕೆ, ತಾಂಬೂಲಕ್ಕೆ ಪ್ರತ್ಯೇಕ ಅಧ್ಯಾಯಗಳೇ ಇವೆ. ಅದಕ್ಕೂ ನೂರು ವರ್ಷ ಮೊದಲು, 1025ರಲ್ಲಿ, ಇನ್ನೊಬ್ಬ ಚಾಲುಕ್ಯ ದೊರೆಯ ಆಶ್ರಯದಲ್ಲಿದ್ದ ಚಾವುಂಡರಾಯ ಕನ್ನಡದಲ್ಲೇ ಬರೆದ 'ಲೋಕೋಪಕಾರ'ದಲ್ಲಿ ಬಾವಿ ತೋಡುವುದು, ಬೇಸಾಯ, ಅಡುಗೆ, ವೈದ್ಯಗಳ ಜೊತೆಗೆ ಸುಗಂಧ ದ್ರವ್ಯಗಳನ್ನು ಕೂಡಿಸುವ ವಿಧಾನವೂ ಇದೆ. ಹೆಸರೇ ಹೇಳುವಂತೆ ಅದು ಲೋಕದ ಉಪಕಾರಕ್ಕೆ ಬರೆದ ಪುಸ್ತಕ; ಅರಸನೊಬ್ಬನಿಗಲ್ಲ.

ಮುಖದ ಲೇಪಕ್ಕೆ ಬಂದರೆ, ವಾಗ್ಭಟನ 'ಅಷ್ಟಾಂಗಹೃದಯ' ಆರು ಋತುಗಳಿಗೆ ಆರು ಬಗೆಯ ಮುಖಲೇಪ ಹೇಳುತ್ತದೆ. ಅದರ ಕಟ್ಟಳೆಗಳು ಇಂದಿನ ಪಾರ್ಲರಿನವರಿಗೂ ಒಪ್ಪಿಗೆಯಾಗುವಂಥವು. ಲೇಪ ಒಣಗಲು ಬಿಡಬಾರದು, ಒಣಗಿದರೆ ಚರ್ಮದ ಕಾಂತಿ ಕೆಡುತ್ತದೆ. ತೆಗೆಯುವಾಗ ನೆನೆಸಿ ತೆಗೆಯಬೇಕು. ಲೇಪ ಹಚ್ಚಿಕೊಂಡಾಗ ಹಗಲು ನಿದ್ದೆ ಮಾಡಬಾರದು, ಬೆಂಕಿಯ ಬಳಿ, ಬಿಸಿಲಿನಲ್ಲಿ ಇರಬಾರದು, ಅಳಬಾರದು, ಸಿಟ್ಟು ಮಾಡಬಾರದು, ಮಾತನ್ನೂ ಆಡಬಾರದು. ಮುಖದ ಸ್ನಾಯುಗಳು ಅಲುಗಿದರೆ ಚರ್ಮ ಮಡಿಕೆ ಬೀಳುತ್ತದೆ ಎಂಬ ತಿಳಿವಳಿಕೆ ಈ ಕಟ್ಟಳೆಗಳ ಹಿಂದೆ ಇದ್ದರೂ ಇರಬಹುದು.

ಅರಿಸಿನ, ಕಡಲೆಹಿಟ್ಟು, ಹಾಲಿನ ಕೆನೆ, ಗಂಧ ಇವೆಲ್ಲ ಆ ಲೇಪಗಳ ಬಡ ಬಂಧುಗಳು. ಚರ್ಮ ನುಣುಪಾಗಬಹುದು, ತಂಪೆನಿಸಬಹುದು. ಆದರೆ ನಗೆಗೆರೆ ಮಾತ್ರ ಯಾವ ಲೇಪಕ್ಕೂ ಜಗ್ಗಲಿಲ್ಲ. ಕಾರಣ ಸರಳ. ಆ ಗೆರೆ ಚರ್ಮದ ಮೇಲೆ ಇರುವುದೇ ಅಲ್ಲ.

ಗೆರೆ ಇಲ್ಲದಿದ್ದರೆ ಗಾಬರಿ

ಕನ್ನಡಿಯ ಮುಂದೆ ನಿಂತು ಒಮ್ಮೆ ನಕ್ಕು ನೋಡಿದರೆ ಸಾಕು. ಗಲ್ಲದ ಮೂಳೆಯಿಂದ ಮೇಲ್ದುಟಿಗೆ ಬಂದು ಸೇರುವ ಕೆಲವು ಸ್ನಾಯುಗಳು ತುಟಿಯನ್ನು ಮೇಲಕ್ಕೂ ಪಕ್ಕಕ್ಕೂ ಎಳೆಯುತ್ತವೆ. ಆಗ ಗಲ್ಲದ ಕೊಬ್ಬಿನ ದಿಂಬು ಒತ್ತರಿಸಿಕೊಂಡು ಬಂದು ತುಟಿಯ ಬಿಗಿಯಾದ ಭಾಗಕ್ಕೆ ತಾಗುತ್ತದೆ. ದಿಂಬೂ ತುಟಿಯೂ ಸೇರುವ ಆ ಗಡಿಯೇ ನಗೆಗೆರೆ. ತೊಟ್ಟಿಲ ಕೂಸು ನಕ್ಕರೂ ಅದು ಮೂಡುತ್ತದೆ, ನಗು ನಿಂತರೆ ಮಾಯವಾಗುತ್ತದೆ. ವಯಸ್ಸಾದಂತೆ ಗಲ್ಲದ ದಿಂಬು ಕೆಳಗೆ ಜಾರುತ್ತದೆ, ಒಳಗಿನ ಕೊಬ್ಬು ಕರಗುತ್ತದೆ, ಮೇಲ್ದವಡೆಯ ಮೂಳೆಯೂ ಸವೆಯುತ್ತದೆ. ಹಂದರದ ಗಳ ಕುಸಿದರೆ ಮೇಲಿನ ಬಳ್ಳಿ ಜೋತುಬೀಳುವಂತೆ ಚರ್ಮ ಇಳಿಬೀಳುತ್ತದೆ. ಆಗ ಗೆರೆ ನಗದಿದ್ದರೂ ಉಳಿದುಬಿಡುತ್ತದೆ. ಹೊಲದಲ್ಲಿ ದುಡಿಯುವವರ ಚರ್ಮವನ್ನು ಬಿಸಿಲು ಇನ್ನಷ್ಟು ಬೇಗ ಸಡಿಲಗೊಳಿಸುತ್ತದೆ. ಬೀಡಿ, ಸಿಗರೇಟು ಕೂಡ ಅದಕ್ಕೆ ಕೈಜೋಡಿಸುತ್ತವೆ.

ಇಲ್ಲೊಂದು ವಿಚಿತ್ರವಿದೆ. ಎಲ್ಲರೂ ಅಳಿಸಲು ಬಯಸುವ ಈ ಗೆರೆ ಅಳಿಸಿಹೋಗಿದೆಯೇ ಎಂದು ವೈದ್ಯರು ಹುಡುಕುತ್ತಾರೆ. ಲಕ್ವ ಹೊಡೆದು ಬಾಯಿ ಸೊಟ್ಟಾಯಿತು ಎಂದು ಕರೆತಂದ ರೋಗಿಗೆ ಅವರು ಮೊದಲು ಹೇಳುವುದು, 'ಹಲ್ಲು ತೋರಿಸಿ' ಎಂದು. ಮುಖದ ನರ ಸೋತ ಬದಿಯಲ್ಲಿ ಸ್ನಾಯು ಎಳೆಯುವುದಿಲ್ಲ. ಹಾಗಾಗಿ ಆ ಬದಿಯ ಗೆರೆ ಸಪಾಟಾಗಿರುತ್ತದೆ. ನಲವತ್ತೈದು ವಯಸ್ಸಿನ ಮುಖದ ಒಂದು ಬದಿ ಇಪ್ಪತ್ತೈದರ ಹಾಗೆ ನುಣ್ಣಗೆ ಕಂಡರೆ ಅದು ಸಂತೋಷದ ಸುದ್ದಿಯಲ್ಲ.

ಗೆರೆಯ ಗುಟ್ಟು ಒಳಗಿದೆ ಎಂದಾದ ಮೇಲೆ ಮೇಲೆ ಬಳಿದು ಪ್ರಯೋಜನವಿಲ್ಲ, ಒಳಗೆ ತುಂಬಬೇಕು. ಯಾವುದನ್ನು ತುಂಬಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯರು ನೂರು ವರ್ಷಕ್ಕೂ ಹೆಚ್ಚು ತೆಗೆದುಕೊಂಡರು. ಆ ಹುಡುಕಾಟ ಮುಖ ಕೆಟ್ಟವರಿಂದ ಆರಂಭವಾಯಿತು, ಮುಖ ಮಾಸಿದವರಿಂದಲ್ಲ.

ಕಾವಸಜಿಯ ಮೂಗು

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹಾನಗಲ್, ಶಿಗ್ಗಾವಿ, ಸವಣೂರುಗಳ ಸೀಮೆ ದಂಡು ಹಾಯುವ ದಾರಿಯಾಗಿತ್ತು. ಸವಣೂರಿನ ನವಾಬರು ಮರಾಠರಿಗೂ ಮೈಸೂರಿಗೂ ನಡುವೆ ಸಿಕ್ಕು ನಲುಗಿದರು. 1786ರಲ್ಲಿ ಸವಣೂರು ಟಿಪ್ಪುವಿನ ಕೈಸೇರಿತು. 1790ರಲ್ಲಿ ಮರಾಠರೂ ಇಂಗ್ಲಿಷರೂ ಸೇರಿ ಧಾರವಾಡದ ಕೋಟೆಗೆ ಹಾಕಿದ ಮುತ್ತಿಗೆ ಮರುವರ್ಷ ಏಪ್ರಿಲ್‌ವರೆಗೂ ನಡೆಯಿತು. ಇಂಥ ದಂಡಿನ ಹಿಂದೆ ಸಾವಿರಾರು ಎತ್ತುಗಳು, ಎತ್ತು ಹೊಡೆಯುವವರು. ಎದುರಾಳಿಯ ದಂಡಿಗೆ ಅನ್ನ, ಮದ್ದುಗುಂಡು ಹೊರುವವನನ್ನು ಹಿಡಿದು ಅಂಗಭಂಗ ಮಾಡುವುದು ಅಂದಿನ ಕ್ರೂರ ಪದ್ಧತಿ.

ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬಾತ 1792ರ ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳಿಸಿದರು. ಸುಮಾರು ಒಂದು ವರ್ಷ ಅವನು ಹಾಗೆಯೇ ಬದುಕಿದ. ನಂತರ ಪುಣೆಯ ಬಳಿ, ಪರಂಪರೆಯಿಂದ ಈ ವಿದ್ಯೆ ಬಲ್ಲ ಕಸುಬುದಾರನೊಬ್ಬ ಅವನಿಗೆ ಹೊಸ ಮೂಗು ಕೂಡಿಸಿಕೊಟ್ಟ. ಮುಂಬಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' 1794ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರಸಹಿತ ವರದಿ ಪ್ರಕಟಿಸಿತು.

ಆ ವರದಿಯ ವಿವರ ಓದಿದರೆ ಇಂದಿಗೂ ಬೆರಗಾಗುತ್ತದೆ. ಮೊದಲು ಮೇಣದ ತೆಳ್ಳನೆಯ ಹಾಳೆಯನ್ನು ಮೂಗಿನ ಮೋಟಿಗೆ ಹೊಂದುವಂತೆ ಕೂಡಿಸಿ ಮೂಗಿನ ಆಕಾರ ಮಾಡಿಕೊಂಡರು. ಅದನ್ನು ಬಿಡಿಸಿ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದರು. ಆ ಗೆರೆಯಗುಂಟ ಹಣೆಯ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಕಡೆ ಮಾತ್ರ ರಕ್ತಸಂಚಾರಕ್ಕಾಗಿ ಅಂಟಿಕೊಂಡಿರುವಂತೆ ಉಳಿಸಿ, ತಿರುಗಿಸಿ ಕೆಳಗಿಳಿಸಿ ಮೂಗಿನ ಜಾಗಕ್ಕೆ ಕೂಡಿಸಿದರು. ಅಂಟಿಗೆ ನೀರಿನಲ್ಲಿ ಮೆದು ಮಾಡಿದ ಕಾಚು. ಎಲೆ ಅಡಿಕೆಗೆ ಬೀಳುವ ಅದೇ ಕಾಚು. ಅದನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ ಒಂದರ ಮೇಲೊಂದು ಐದಾರು ಪಟ್ಟಿ ಹಾಕಿದರೆ ಮುಗಿಯಿತು. ಸುಶ್ರುತನ ಗ್ರಂಥದಲ್ಲಿ ಗಲ್ಲದ ಚರ್ಮದಿಂದ ಮೂಗು ಕಟ್ಟುವ ಕ್ರಮವಿದೆ. ಹಣೆಯ ಚರ್ಮದ ಈ ಕ್ರಮ ಅದರ ನಂತರದ ಕಸುಬುದಾರರ ಬೆಳವಣಿಗೆ. ಲಂಡನ್ನಿನ ಜೋಸೆಫ್ ಕಾರ್ಪ್ಯು ಇದನ್ನು ಓದಿ ಅಭ್ಯಾಸ ಮಾಡಿ 1814ರಲ್ಲಿ ತಾನೂ ಮೂಗು ಕೂಡಿಸಿ, 1816ರಲ್ಲಿ ಪುಸ್ತಕ ಬರೆದ. ಅಲ್ಲಿಂದ ಯುರೋಪಿನ ತುಂಬ 'ಇಂಡಿಯನ್ ಪದ್ಧತಿ' ಹರಡಿತು. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಇತಿಹಾಸ ಬರೆಯುವವರು ಆ ಎತ್ತಿನವನ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. ಮೂಗು ಕಟ್ಟಿದವನ ಹೆಸರು ಮಾತ್ರ ವರದಿಯಲ್ಲಿ ಇಲ್ಲ.

ಇಲ್ಲಿ ನೆನಪಿಡಬೇಕಾದದ್ದು ಆ ಮೇಣ. ಪುಣೆಯ ಕಸುಬುದಾರನಿಗೆ ಮೇಣ ಬರೀ ಅಳತೆಗೋಲಾಗಿತ್ತು. ಅಳತೆ ಮುಗಿದ ಮೇಲೆ ಅದರ ಕೆಲಸ ತೀರಿತು. ಮುಖದಲ್ಲಿ ಉಳಿದದ್ದು ರೋಗಿಯ ಸ್ವಂತ ಚರ್ಮ. ನೂರು ವರ್ಷದ ಬಳಿಕ ಯುರೋಪಿನ ವೈದ್ಯರು ಮೇಣವನ್ನೇ ಒಳಗೆ ಬಿಟ್ಟರು.

ಮೇಣದ ಮೋಹ

1899ರಲ್ಲಿ ವಿಯೆನ್ನಾದ ರಾಬರ್ಟ್ ಗೆರ್ಸುನಿ ಎಂಬ ಶಸ್ತ್ರವೈದ್ಯ ಕ್ಷಯದಿಂದ ವೃಷಣ ಕಳೆದುಕೊಂಡ ಯುವಕನೊಬ್ಬನಿಗೆ, ಬರಿದಾದ ಜಾಗ ತುಂಬಲು, ಕಾಯಿಸಿದ ವ್ಯಾಸಲೀನನ್ನು ಸೂಜಿಯಿಂದ ಚುಚ್ಚಿದ. ಬಿಸಿಯಿದ್ದಾಗ ನೀರಿನಂತೆ ಹರಿಯುವ ಅದು ಮೈಯೊಳಗೆ ತಣಿದು ಗಟ್ಟಿಯಾಯಿತು. ಕತ್ತಿಯಿಲ್ಲ, ಹೊಲಿಗೆಯಿಲ್ಲ. ವೈದ್ಯರಿಗೆ ಇದೊಂದು ಪವಾಡದಂತೆ ತೋರಿತು. ಪರಂಗಿ ರೋಗದಿಂದ ಮೂಗಿನ ದಿಂಡು ಕುಸಿದವರು ಅಂದು ಯುರೋಪಿನಲ್ಲಿ ಕಡಿಮೆಯಿರಲಿಲ್ಲ. ಕುಸಿದ ಮೂಗು ನೋಡಿದೊಡನೆ ನೆರೆಹೊರೆಯವರು ರೋಗದ ಹೆಸರು ಹೇಳುತ್ತಿದ್ದರು. ಅವರೆಲ್ಲ ಈ ಸೂಜಿಯ ಮುಂದೆ ಸಾಲುನಿಂತರು. ವ್ಯಾಸಲೀನಿನ ಜಾಗಕ್ಕೆ ಇನ್ನೂ ಗಟ್ಟಿಯಾದ ಪ್ಯಾರಾಫಿನ್ ಮೇಣ ಬಂತು. ಮೂಗಿನಿಂದ ಗಲ್ಲಕ್ಕೆ, ಗಲ್ಲದಿಂದ ಸುಕ್ಕಿಗೆ ಅದು ದಾಟಲು ತಡವಾಗಲಿಲ್ಲ.

ಪವಾಡ ಕೆಲವೇ ವರ್ಷಗಳಲ್ಲಿ ಶಾಪವಾಯಿತು. ಮೇಣ ಇಟ್ಟಲ್ಲಿ ನಿಲ್ಲಲಿಲ್ಲ. ಬಿಸಿಲಿಗೆ, ಜ್ವರಕ್ಕೆ ಜಾರಿತು. ಸುತ್ತಲಿನ ಮಾಂಸ ಅದನ್ನು ಪರಕೀಯವೆಂದು ಗುರುತಿಸಿ ಗಂಟು ಕಟ್ಟಿತು, ಬಾವು ಬಂತು, ಚರ್ಮ ಒಡೆಯಿತು. ರಕ್ತನಾಳಕ್ಕೆ ಹೊಕ್ಕ ಮೇಣದಿಂದ ಕೆಲವರು ಕಣ್ಣು ಕಳೆದುಕೊಂಡರು, ಕೆಲವರು ಸತ್ತರು. ಆ ಕಾಲದ ಪ್ರಖ್ಯಾತ ಚೆಲುವೆ ಗ್ಲಾಡಿಸ್ ಡೀಕನ್, ಮುಂದೆ ಇಂಗ್ಲೆಂಡಿನ ಮಾರ್ಲ್‌ಬರೊ ಡ್ಯೂಕನ ಪತ್ನಿಯಾದಾಕೆ, ಗ್ರೀಕ್ ವಿಗ್ರಹಗಳಂತೆ ಮೂಗು ನೇರವಾಗಲೆಂದು ಮೇಣ ಚುಚ್ಚಿಸಿಕೊಂಡಳು. ಅದು ಕಾಲಕ್ರಮೇಣ ಕೆಳಗಿಳಿದು ಅವಳ ಮುಖ ಕೆಡಿಸಿತು. 1977ರವರೆಗೂ ಬದುಕಿದ ಆಕೆಯ ಚೆಲುವಿಗಿಂತ ಆ ಮೇಣದ ಕಥೆಯೇ ಹೆಚ್ಚು ಪ್ರಸಿದ್ಧ.

ಅದೇ ಸುಮಾರಿಗೆ ಬೇರೊಂದು ದಾರಿಯೂ ತೆರೆದಿತ್ತು. ಜರ್ಮನಿಯ ನ್ಯೂಬರ್ 1893ರಲ್ಲಿ ರೋಗಿಯ ತೋಳಿನ ಕೊಬ್ಬನ್ನೇ ತೆಗೆದು ಮುಖದ ಗುಳಿಬಿದ್ದ ಕಲೆಗೆ ತುಂಬಿದ್ದ. ಸ್ವಂತ ಮಾಂಸ ಎಂಬ ಪುಣೆಯ ಕಸುಬುದಾರನ ತತ್ವವೇ ಇದು. ಆದರೆ ಹಾಗೆ ತುಂಬಿದ ಕೊಬ್ಬಿನಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಕರಗುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಸೂಜಿಯ ಸುಲಭದ ಮುಂದೆ ಅದು ಹಿಂದೆ ಬಿತ್ತು.

ಎರಡನೆಯ ಮಹಾಯುದ್ಧದ ನಂತರ ಸಿಲಿಕೋನ್ ದ್ರವದ ಸರದಿ. ಮೇಣದ ತಪ್ಪನ್ನೇ ಅದು ಇನ್ನೊಮ್ಮೆ ಮಾಡಿತು, ವಿವರಿಸುವ ಅಗತ್ಯವಿಲ್ಲ. 1981ರಲ್ಲಿ ಅಮೆರಿಕದ ಔಷಧ ಆಡಳಿತ ಒಪ್ಪಿದ ಕೊಲಾಜನ್ ಮೊದಲ ಬಾರಿಗೆ ಬೇರೆ ಬಗೆಯದಾಗಿತ್ತು. ದನದ ಚರ್ಮದಿಂದ ತೆಗೆದ ಈ ಪ್ರೋಟೀನು ಕೆಲವು ತಿಂಗಳಲ್ಲಿ ತಾನಾಗಿಯೇ ಕರಗುತ್ತಿತ್ತು. ನೂರರಲ್ಲಿ ಸುಮಾರು ಮೂವರಿಗೆ ಅದು ಒಗ್ಗದ ಕಾರಣ ಮುಂಗೈಗೆ ಮೊದಲು ಚುಚ್ಚಿ ವಾರಗಟ್ಟಲೆ ಕಾಯಬೇಕಿತ್ತು. ದನದ ಚರ್ಮ ಎಂದೊಡನೆ ನಮ್ಮಲ್ಲಿ ಹಲವರು ಮುಖ ತಿರುಗಿಸುವುದು ಬೇರೆ ಮಾತು.

ಹುಂಜದ ಜುಟ್ಟು, ಹಾವಿನ ವಿಷ

ಇಂದು ಫಿಲ್ಲರ್ ಎಂದರೆ ಬಹುಮಟ್ಟಿಗೆ ಹಯಲುರಾನಿಕ್ ಆಮ್ಲ. ಆಮ್ಲ ಎಂಬ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ನೀರನ್ನು ಹಿಡಿದಿಟ್ಟುಕೊಳ್ಳುವ, ಲೋಳೆಯಂಥ ಈ ಸಕ್ಕರೆಯ ಸರಪಳಿ ಎಲ್ಲರ ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನಲ್ಲಿ ಇದೆ. ವಯಸ್ಕರೊಬ್ಬರ ಮೈಯಲ್ಲಿ ಸುಮಾರು 15 ಗ್ರಾಂ ಇರುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗ ದಿನವೂ ಕರಗಿ ಹೊಸದಾಗಿ ಹುಟ್ಟುತ್ತದೆ. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಕಂಡದ್ದು ದನದ ಕಣ್ಣಿನ ಒಳಗಿನ ಲೋಳೆಯಲ್ಲಿ. ಹಂಗೇರಿ ಮೂಲದ ಎಂಡ್ರೆ ಬಾಲಾಜ್ ಅದನ್ನು ಹುಂಜದ ಕೆಂಪು ಜುಟ್ಟಿನಿಂದ ಶುದ್ಧವಾಗಿ ತೆಗೆದು ಕಣ್ಣಿನ ಶಸ್ತ್ರಚಿಕಿತ್ಸೆಗೆ ತಂದರು. ಕಣ್ಣಿನ ಪೊರೆ ತೆಗೆದು ಮಸೂರ ಕೂಡಿಸುವಾಗ ಒಳಗಿನ ಸೂಕ್ಷ್ಮ ಭಾಗಗಳಿಗೆ ಪೆಟ್ಟಾಗದಂತೆ ಕಾಯುವ ಲೋಳೆ ಅದೇ. ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಳ್ಳಿಯ ಅಜ್ಜಿಯಂದಿರಲ್ಲಿ ಅನೇಕರು ನಟಿಯರಿಗಿಂತ ಮೊದಲೇ ಈ ವಸ್ತುವಿನ ಉಪಕಾರ ಪಡೆದಿರುವ ಸಾಧ್ಯತೆಯಿದೆ!

ಮುಖಕ್ಕೆ ಇದನ್ನು ತಂದವರು ಸ್ವೀಡನ್ನಿನವರು. ಬ್ಯಾಕ್ಟೀರಿಯಾಗಳಿಂದ ಹುದುಗು ಬರಿಸಿ ತೆಗೆದ ಹಯಲುರಾನಿಕ್ ಆಮ್ಲದ ಎಳೆಗಳನ್ನು ಒಂದಕ್ಕೊಂದು ಬೆಸೆದರೆ ಅದು ಬೇಗ ಕರಗುವುದಿಲ್ಲ. ಹೀಗೆ ತಯಾರಾದ 'ರೆಸ್ಟಿಲೇನ್' ಯುರೋಪಿನ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. 2003ರ ಡಿಸೆಂಬರಿನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಾಗ ಯಾವುದಕ್ಕೆ ಬಳಸಬಹುದೆಂದು ಸ್ಪಷ್ಟವಾಗಿ ಹೆಸರಿಸಿದ್ದು ಇದೇ ಮೂಗು-ತುಟಿಯ ನಡುವಿನ ಮಡಿಕೆಯನ್ನು. ಪರಿಣಾಮ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ, ಕೆಲವರಲ್ಲಿ ಇನ್ನಷ್ಟು.

ಈ ವಸ್ತುವಿನ ದೊಡ್ಡ ಗುಣ ಅದು ತುಂಬುವುದಲ್ಲ, ಬೇಡವೆಂದರೆ ಕರಗುವುದು. ಹಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿದರೆ ತುಂಬಿದ ಫಿಲ್ಲರ್ ಗಂಟೆಗಳಲ್ಲಿ ನೀರಾಗುತ್ತದೆ. ಈ ಜಾತಿಯ ಕಿಣ್ವ ಪ್ರಕೃತಿಯಲ್ಲಿ ಎಲ್ಲಿದೆ? ಹಾವಿನ ವಿಷದಲ್ಲಿದೆ. ಕಚ್ಚಿದ ಜಾಗದ ಅಂಗಾಂಶವನ್ನು ಸಡಿಲಿಸಿ ವಿಷಕ್ಕೆ ದಾರಿ ಮಾಡಿಕೊಡುವುದು ಅಲ್ಲಿ ಅದರ ಕೆಲಸ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ 'ನಳಚರಿತ್ರೆ'ಯನ್ನು ಓದಿದವರಿಗೆ ಇಲ್ಲಿ ಕಾರ್ಕೋಟಕನ ನೆನಪಾಗದೆ ಇರದು. ಆ ಸರ್ಪ ಕಚ್ಚಿದ್ದರಿಂದ ನಳನ ಚೆಲುವು ಅಳಿದು ವಿಕಾರ ರೂಪದ ಬಾಹುಕನಾದ. ಬೇಕಾದಾಗ ಹಿಂದಿನ ರೂಪ ಪಡೆಯಲು ಕಾರ್ಕೋಟಕನೇ ವಸ್ತ್ರವನ್ನೂ ಕೊಟ್ಟಿದ್ದ. ಮುಖ ಬದಲಿಸುವವನು ಅದನ್ನು ಮರಳಿಸುವ ಉಪಾಯವನ್ನೂ ಕೈಯಲ್ಲಿ ಇಟ್ಟುಕೊಂಡಿರಬೇಕೆಂಬುದು ಕಥೆಯವರಿಗೆ ಹೊಳೆದಿತ್ತು. ಮೇಣದ ವೈದ್ಯರಿಗೆ ಹೊಳೆದಿರಲಿಲ್ಲ.

ಹುಬ್ಬಳ್ಳಿಯ ಆಂಟಿಯಾ

ಇಷ್ಟು ಹೇಳಿ ನಿಲ್ಲಿಸಿದರೆ ಇದು ಸೌಂದರ್ಯದ ಕಥೆಯಷ್ಟೇ ಆಗುತ್ತದೆ. ಸುಕ್ಕು ಒಂದು ಕಳಂಕವಾಗಿ ಮನುಷ್ಯರನ್ನು ಊರ ಹೊರಗೆ ಅಟ್ಟಿದ ಕಥೆಯೂ ಇದೆ.

ಕುಷ್ಠರೋಗದ ಒಂದು ಬಗೆಯಲ್ಲಿ ಮುಖದ ಚರ್ಮ ಊದಿ ದಪ್ಪವಾಗುತ್ತದೆ. ಔಷಧ ಕೊಟ್ಟು ರೋಗ ಇಳಿದಾಗ, ಗಾಳಿ ಬಿಟ್ಟ ಚೀಲದಂತೆ ಆ ಚರ್ಮ ಜೋತುಬಿದ್ದು ಆಳವಾದ ತೆರೆಗಳು ಏಳುತ್ತವೆ. ಮೂವತ್ತರ ಮನುಷ್ಯ ಅರವತ್ತರವನಂತೆ ಕಾಣುತ್ತಾನೆ. ಹುಬ್ಬು ಉದುರಿರುತ್ತದೆ, ಮೂಗು ಕುಸಿದಿರುತ್ತದೆ. ರೋಗ ವಾಸಿಯಾಗಿದೆ ಎಂದು ಡಾಕ್ಟರು ಕಾಗದ ಬರೆದುಕೊಟ್ಟರೂ ಊರಿನವರು ಓದುವುದು ಕಾಗದವನ್ನಲ್ಲ, ಮುಖವನ್ನು.

1922ರಲ್ಲಿ ಹುಬ್ಬಳ್ಳಿಯ ಪಾರ್ಸಿ ಕುಟುಂಬವೊಂದರಲ್ಲಿ ಹುಟ್ಟಿದ ಡಾ. ನೋಶಿರ್ ಆಂಟಿಯಾ ಇಂಗ್ಲೆಂಡಿನಲ್ಲಿ ಪ್ಲಾಸ್ಟಿಕ್ ಸರ್ಜರಿಯ ಪಿತಾಮಹರಲ್ಲಿ ಒಬ್ಬರಾದ ಸರ್ ಹೆರಾಲ್ಡ್ ಗಿಲೀಸ್ ಅವರ ಬಳಿ ಪಳಗಿದವರು. ಆ ವಿದ್ಯೆಗೆ ಅಂದಿನ ಮುಂಬಯಿಯಲ್ಲಿ ಹಣವಂತ ಗಿರಾಕಿಗಳು ಸಿಗದೆ ಇರುತ್ತಿರಲಿಲ್ಲ. ಅವರು ಆರಿಸಿಕೊಂಡದ್ದು ಪುಣೆಯ ಬಳಿಯ ಕೊಂಢ್ವಾ ಕುಷ್ಠರೋಗ ಆಸ್ಪತ್ರೆಯನ್ನು. ಕಾವಸಜಿಗೆ ಮೂಗು ಬಂದದ್ದೂ ಪುಣೆಯ ಸೀಮೆಯಲ್ಲೇ ಎಂಬುದು ಕಾಕತಾಳೀಯವಾದರೂ ಮನಸ್ಸಿಗೆ ಹಿಡಿಸುವ ಸಂಗತಿ. ಕುಸಿದ ಮೂಗನ್ನು ಎತ್ತುವುದು, ತಲೆಯ ಕೂದಲುಳ್ಳ ಚರ್ಮದಿಂದ ಹುಬ್ಬು ಕೂಡಿಸುವುದು, ಜೋತುಬಿದ್ದ ಗಲ್ಲವನ್ನು ಬಿಗಿಗೊಳಿಸುವುದು ಇವು ಕುಷ್ಠರೋಗಿಗಳ ಮುಖಚಿಕಿತ್ಸೆಯ ಭಾಗಗಳು. ಈ ಬಿಗಿಗೊಳಿಸುವ ಚಿಕಿತ್ಸೆಯಲ್ಲಿ ಹೆಚ್ಚಾದ ಚರ್ಮವನ್ನು ಕತ್ತರಿಸಿ ತೆಗೆದು, ಹೊಲಿಗೆಯ ಕಲೆ ಕಾಣದಂತೆ ಅದನ್ನು ಅಡಗಿಸುವುದು ಎಲ್ಲಿ ಗೊತ್ತೇ? ಇದೇ ನಗೆಗೆರೆಯಲ್ಲಿ. ಶ್ರೀಮಂತರು ಅಳಿಸಲು ಹೊರಟ ಗೆರೆ ಈ ಬಡವರಿಗೆ ಕಲೆ ಮುಚ್ಚುವ ತಾವಾಯಿತು. ಆಂಟಿಯಾ ಮುಂದೆ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗ ಕಟ್ಟಿದರು, ಹಳ್ಳಿಗಳ ಆರೋಗ್ಯಕ್ಕಾಗಿ ದುಡಿದರು. 1990ರಲ್ಲಿ ಪದ್ಮಶ್ರೀ ಬಂತು. 2007ರಲ್ಲಿ ತೀರಿಕೊಂಡರು. ಹುಬ್ಬಳ್ಳಿ ಅವರನ್ನು ಇನ್ನಷ್ಟು ನೆನೆಯಬೇಕಿತ್ತು.

ಕುಷ್ಠ ಇಳಿದ ಮೇಲೆ ಗಲ್ಲದ ಕಳಂಕ ಇನ್ನೊಂದು ವೇಷದಲ್ಲಿ ಬಂತು. 2004ರ ಏಪ್ರಿಲ್ 1ರಂದು ಸರ್ಕಾರ ಎಚ್‌ಐವಿ ಸೋಂಕಿತರಿಗೆ ಉಚಿತ ಔಷಧ ಕೊಡಲು ಆರಂಭಿಸಿದಾಗ ಸೋಂಕು ಹೆಚ್ಚಿದ್ದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು; ಅದರಲ್ಲೂ ಬಾಗಲಕೋಟೆ, ಬೆಳಗಾವಿ ಕಡೆಯ ಜಿಲ್ಲೆಗಳ ಸ್ಥಿತಿ ಕಳವಳಕಾರಿಯಾಗಿತ್ತು. ಆ ಮೊದಲ ಔಷಧಗಳಲ್ಲಿ ಒಂದಾದ ಸ್ಟಾವುಡಿನ್ ಜೀವ ಉಳಿಸಿತು. ಆದರೆ ದೀರ್ಘಕಾಲ ತೆಗೆದುಕೊಂಡವರಲ್ಲಿ ಹಲವರ ಗಲ್ಲದ ಕೊಬ್ಬನ್ನು ಕರಗಿಸಿತು. ಗಲ್ಲ ಒಳಗೆ ಹೋಗಿ ನಗೆಗೆರೆ ಕಂದಕವಾಯಿತು. ಮೈ ತೂಕ ಬಂದು ದುಡಿಯಲು ಶಕ್ತರಾದವರೂ ಮುಖದಿಂದ ಗುರುತಿಗೆ ಸಿಗುವಂತಾದರು. ಮಾತ್ರೆ ನುಂಗುವುದನ್ನು ಮುಚ್ಚಿಡಬಹುದು, ಗಲ್ಲವನ್ನು ಮುಚ್ಚಿಡುವುದು ಹೇಗೆ? ಇಂಥ ಮುಖಗಳಿಗೆಂದೇ ಅಮೆರಿಕ 2004ರ ಆಗಸ್ಟ್‌ನಲ್ಲಿ ಪಾಲಿ ಲ್ಯಾಕ್ಟಿಕ್ ಆಮ್ಲದ ಫಿಲ್ಲರ್‌ಗೆ ಒಪ್ಪಿಗೆ ಕೊಟ್ಟಿತು. ನಮ್ಮ ಉಚಿತ ಔಷಧದ ಯೋಜನೆಯಲ್ಲಿ ಗಲ್ಲ ತುಂಬುವ ಸೂಜಿಗೆ ಜಾಗ ಇರಲಿಲ್ಲ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಕೈಬಿಡಲು ಸೂಚಿಸಿತು. ಕ್ರಮೇಣ ಇಲ್ಲಿಯೂ ಅದು ನಿಂತಿತು. ಹೊಸ ಔಷಧಗಳು ಗಲ್ಲವನ್ನು ಹಾಗೆ ತಿನ್ನುವುದಿಲ್ಲ. ಆದರೆ ಒಮ್ಮೆ ಹೋದ ಕೊಬ್ಬು ಬಹಳಷ್ಟು ಮಂದಿಗೆ ಪೂರ್ತಿಯಾಗಿ ಮರಳಿ ಬರುವುದಿಲ್ಲ.

ಅಂದರೆ ಒಂದೇ ಸೂಜಿ ಎರಡು ಬಗೆಯ ಜನರಿಗೆ. ಮದುವೆಯ ಆಲ್ಬಮ್ಮಿಗಾಗಿ ಗೆರೆ ಅಳಿಸಿಕೊಳ್ಳುವವರ ಕೈಗೆ ಅದು ಸುಲಭವಾಗಿ ಎಟುಕುತ್ತದೆ. ಸಂತೆಯಲ್ಲಿ ತಲೆ ಎತ್ತಿ ನಡೆಯಲು ಅದು ಬೇಕಾದವರಿಗೆ ಎಟುಕುವುದಿಲ್ಲ.

ಸೂಜಿ ಯಾರ ಕೈಯಲ್ಲಿ?

ಸುಲಭವಾಗಿ ಎಟುಕುವುದರಲ್ಲೂ ಅಪಾಯವಿದೆ. ನಗೆಗೆರೆಯ ಕೆಳಗೇ ಮುಖದ ಮುಖ್ಯ ರಕ್ತನಾಳ ಹಾದುಹೋಗುತ್ತದೆ. ಅದು ಒಬ್ಬೊಬ್ಬರಲ್ಲಿ ಒಂದೊಂದು ಆಳದಲ್ಲಿ, ಒಂದೊಂದು ತಿರುವಿನಲ್ಲಿರುತ್ತದೆ. ಫಿಲ್ಲರ್ ಅದರೊಳಗೆ ಹೊಕ್ಕರೆ ಮೂಗಿನ ತುದಿಯ, ತುಟಿಯ ಚರ್ಮಕ್ಕೆ ರಕ್ತ ನಿಂತು ಅದು ಕಪ್ಪಾಗಿ ಸಾಯುತ್ತದೆ. ಇನ್ನೂ ಹಿಂದಕ್ಕೆ ನುಗ್ಗಿ ಕಣ್ಣಿನ ನಾಳ ಸೇರಿದರೆ ದೃಷ್ಟಿ ಹೋಗುತ್ತದೆ. ಇಂಥ ಪ್ರಕರಣಗಳು ಅಪರೂಪ. ಆದರೆ ಜಗತ್ತಿನ ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನೂರು ವರ್ಷದ ಹಿಂದೆ ಮೇಣ ಮಾಡಿದ ಅನಾಹುತವೂ ಇದೇ ಆಗಿತ್ತು. ವ್ಯತ್ಯಾಸ ಒಂದೇ: ಇಂದಿನ ವೈದ್ಯರ ಬಳಿ ಕರಗಿಸುವ ಕಿಣ್ವವಿದೆ. ಅದೂ ಫಿಲ್ಲರ್ ಹಯಲುರಾನಿಕ್ ಆಮ್ಲದ್ದಾಗಿದ್ದರೆ, ಕಿಣ್ವದ ಸೀಸೆ ಕೋಣೆಯಲ್ಲೇ ಇದ್ದರೆ, ಚರ್ಮ ಬಿಳಚಿಕೊಂಡದ್ದನ್ನು ಕೂಡಲೇ ಗುರುತಿಸುವ ಕಣ್ಣಿದ್ದರೆ.

ಪಾರ್ಲರಿನ ಹಿಂದಿನ ಕೋಣೆಯಲ್ಲಿ, ಒಂದೆರಡು ದಿನದ ತರಬೇತಿ ಪಡೆದವರು ಚುಚ್ಚುವಾಗ ಈ ಮೂರೂ ಇರುವ ಭರವಸೆಯಿಲ್ಲ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಆದರೂ ಅಂತರ್ಜಾಲದಲ್ಲಿ ಸೀಸೆ ತರಿಸುವುದು ಕಷ್ಟವೇನಲ್ಲ. ಚುಚ್ಚಿಸಿಕೊಳ್ಳಲೇಬೇಕು ಎನ್ನುವವರು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಚುಚ್ಚುವವರು ನೋಂದಾಯಿತ ವೈದ್ಯರೇ? ಸೀಸೆಯ ಮೇಲೆ ಏನು ಬರೆದಿದೆ, ಅದನ್ನು ತಮ್ಮ ಎದುರಿಗೇ ಒಡೆಯುತ್ತಾರೆಯೇ? ಕರಗಿಸುವ ಔಷಧ ಇಲ್ಲಿದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ತಡವರಿಸಿದರೆ ಎದ್ದು ಬರುವುದು ಮೇಲು.

ಇಷ್ಟೆಲ್ಲ ಮಾಡಿದರೂ ನುರಿತ ವೈದ್ಯರು ನಗೆಗೆರೆಯನ್ನು ಪೂರ್ತಿ ಅಳಿಸುವುದಿಲ್ಲ. ಹಲವರು ಈಗ ಗೆರೆಯೊಳಗೆ ಚುಚ್ಚುವುದಕ್ಕಿಂತ ಮೇಲಿನ ಗಲ್ಲದ ಮೂಳೆಯ ಬಳಿ ತುಂಬಿ, ಜಾರಿದ ದಿಂಬನ್ನು ಎತ್ತುವುದನ್ನೇ ಇಷ್ಟಪಡುತ್ತಾರೆ. ಗೆರೆಯ ಆಳ ಅದರಿಂದ ತಾನಾಗಿ ಕಡಿಮೆಯಾಗುತ್ತದೆ, ಗೆರೆ ಉಳಿಯುತ್ತದೆ. ಅದನ್ನೂ ಅಳಿಸಿಬಿಟ್ಟರೆ ನಕ್ಕಾಗ ಮುಖ ಲಕ್ವ ಹೊಡೆದವರ ಹಾಗೆ ಸಪಾಟಾಗಿ ಕಾಣುತ್ತದೆ ಎಂಬುದು ಅವರಿಗೆ ಗೊತ್ತು. ವರ್ಷ ತುಂಬುವುದರೊಳಗೆ ಫಿಲ್ಲರ್ ಕರಗಿ, ಗಿರಾಕಿ ಮತ್ತೆ ಅದೇ ಕನ್ನಡಿಯ ಮುಂದೆ ಬಂದು ಕೂರುತ್ತಾರೆ.